ಮನಸ್ಸು ಓದುವ ಆಟಕ್ಕೆ ಕಚೇರಿಯ ಸಮ್ಮೇಳನದಲ್ಲಿ ಜಾಗ ಎಲ್ಲಿಯವರೆಗೆ?

ಪ್ರಶ್ನೆ: ಶಿರಸಿಯಲ್ಲಿ ಮುಖ್ಯ ಕಚೇರಿ ಇರುವ, ತೋಟಗಾರಿಕೆಯ ಯಂತ್ರ ಮತ್ತು ಸಲಕರಣೆಗಳನ್ನು ಮಾರುವ ಸಂಸ್ಥೆಯೊಂದರ ಆಡಳಿತ ವಿಭಾಗದಲ್ಲಿ ನಾನಿದ್ದೇನೆ. ಬರುವ ಜನವರಿಯಲ್ಲಿ ಕಾರವಾರದ ಸಮುದ್ರತೀರದ ರೆಸಾರ್ಟಿನಲ್ಲಿ ನೌಕರರು ಮತ್ತು ಡೀಲರುಗಳು ಸೇರಿ ಸುಮಾರು 180 ಜನರ ಎರಡು ದಿನಗಳ ಸಮ್ಮೇಳನವಿದೆ. ಮೊದಲ ದಿನದ ಸಂಜೆಗೆ ಮನಸ್ಸು ಓದುವ ಆಟ ತೋರಿಸುವ ಬೆಂಗಳೂರಿನ ಮೆಂಟಲಿಸ್ಟ್ ಒಬ್ಬರನ್ನು ಕರೆಸುವ ಯೋಚನೆಯಿದೆ. ಇದು ಮಾಟಮಂತ್ರವನ್ನು ವೇದಿಕೆಗೆ ತಂದಂತೆ ಎಂದು ಹಿರಿಯ ನಿರ್ದೇಶಕರೊಬ್ಬರು ಆಕ್ಷೇಪಿಸಿದ್ದಾರೆ. ಕಲಾವಿದರು ಕೆಲವು ನೌಕರರ ವೈಯಕ್ತಿಕ ವಿವರಗಳನ್ನು ಮುಂಚಿತವಾಗಿ ಕೇಳಿದ್ದಾರೆ. ಮರುದಿನ ಬೆಳಿಗ್ಗೆ ‘ಗ್ರಾಹಕರ ಮನಸ್ಸು ಓದುವುದು ಹೇಗೆ’ ಎಂಬ ತರಬೇತಿಯನ್ನೂ ಕೊಡುವುದಾಗಿ ಹೇಳುತ್ತಿದ್ದಾರೆ. ಇವುಗಳಿಗೆ ಒಪ್ಪಬಹುದೆ?

ಉತ್ತರ: ಮಾನ್ಯರೇ, ಕಲಾವಿದರನ್ನು ಧಾರಾಳವಾಗಿ ಕರೆಸಿ, ನೌಕರರ ವಿವರಗಳನ್ನು ಕೊಡಬೇಡಿ, ತರಬೇತಿಯನ್ನು ಬೇಡವೆನ್ನಿ. ಹತ್ತಾರು ವರ್ಷಗಳಿಂದ ಕರಾವಳಿಯಲ್ಲೂ ಘಟ್ಟದ ಮೇಲೂ ಕಂಪನಿಗಳ, ಬ್ಯಾಂಕುಗಳ, ಸಹಕಾರಿ ಸಂಘಗಳ ಸಮಾರಂಭಗಳನ್ನು ಹೊಂದಿಸಿಕೊಡುತ್ತ ಬಂದಿರುವ, ಅದಕ್ಕೂ ಮೊದಲು ಕೆಲವು ಕಾಲ ಈ ಆಟವನ್ನು ಸ್ವತಃ ಆಡಿದ ಅನುಭವದಿಂದ ಹೀಗೆ ಹೇಳುತ್ತಿದ್ದೇನೆ. ಈ ಮೂರೂ ಉತ್ತರಗಳ ಹಿಂದಿರುವ ಕಾರಣ ಒಂದೇ ಆಗಿರುವುದರಿಂದ ಅದನ್ನು ಮೊದಲು ವಿವರಿಸುತ್ತೇನೆ.

ಟಿಕೆಟ್ ತೆಗೆದುಕೊಂಡು ರಂಗಮಂದಿರಕ್ಕೆ ಬಂದವರನ್ನು ಕಲಾವಿದರು ವೇದಿಕೆಗೆ ಕರೆದರೆ ಅವರು ಒಲ್ಲೆನೆನ್ನಬಹುದು. ಹೋಗಿ ಪೇಚಿಗೆ ಸಿಕ್ಕಿಕೊಂಡರೂ ಮರುದಿನ ಅವರನ್ನು ಗುರುತಿಸುವವರು ಇರುವುದಿಲ್ಲ. ನಿಮ್ಮ ಸಭಾಂಗಣದಲ್ಲಿ ಹಾಗಲ್ಲ. ಮೊದಲ ಸಾಲಿನಲ್ಲಿ ಆಡಳಿತ ನಿರ್ದೇಶಕರು ಕುಳಿತಿರುತ್ತಾರೆ, ಅವರ ಹಿಂದೆ ವಿಭಾಗದ ಮುಖ್ಯಸ್ಥರು, ಕೊನೆಯ ಸಾಲುಗಳಲ್ಲಿ ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು. ಎಲ್ಲರೆದುರು ಹೆಸರು ಹಿಡಿದು ಕರೆದಾಗ ಬರುವುದಿಲ್ಲ ಎನ್ನುವ ಧೈರ್ಯ ಅವರಲ್ಲಿ ಬಹಳ ಮಂದಿಗೆ ಇರುವುದಿಲ್ಲ, ಮತ್ತು ವೇದಿಕೆಯಲ್ಲಿ ಅವರ ಬಾಯಿಂದ ಹೊರಟ ಒಂದು ಮಾತು ಸೋಮವಾರ ಅವರೊಂದಿಗೆ ಕಚೇರಿಗೂ ಬರುತ್ತದೆ. ಆದ್ದರಿಂದ ಕಂಪನಿಯ ಸಭೆಯಲ್ಲಿ ಈ ಆಟ ವೇದಿಕೆಯ ಮೇಲೆಯೇ ಆರಂಭವಾಗಿ ವೇದಿಕೆಯ ಮೇಲೆಯೇ ಮುಗಿಯುವಂತೆ ನೋಡಿಕೊಳ್ಳುವುದು ಸಂಘಟಕರಾದ ನಿಮ್ಮ ಹೊಣೆ.

ಇನ್ನು ನಿಮ್ಮ ನಿರ್ದೇಶಕರ ಆಕ್ಷೇಪಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮದುವೆಗೂ ಮನೆಕಟ್ಟುವುದಕ್ಕೂ ದೇವರಲ್ಲಿ ಪ್ರಸಾದ ಕೇಳುವವರು, ದೇವರು ಮೈಮೇಲೆ ಬರುವ ಪಾತ್ರಿಯ ಮುಂದೆ ನಿಂತು ಪ್ರಶ್ನೆ ಇಡುವವರು ಇಂದಿಗೂ ಬಹಳ ಮಂದಿ ಇದ್ದಾರೆ; ಅಂಥ ಕಡೆ ಒಬ್ಬರು ಮೈಕ್ ಹಿಡಿದು ನಿಮ್ಮ ಮನಸ್ಸಿನಲ್ಲಿರುವ ಹೆಸರನ್ನು ಹೇಳುತ್ತೇನೆ ಎಂದರೆ ಸಭೆಯ ಒಂದು ಭಾಗವಾದರೂ ಅದನ್ನು ಆಟವೆಂದು ನೋಡದಿರುವ ಸಂಭವ ನಿಜಕ್ಕೂ ಇದೆ. ಹಾಗಾಗಿ ಅವರ ಮಾತನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕಬೇಡಿ. ಆದರೆ ಮೆಂಟಲಿಸಂ ಎಂಬುದು ಯಕ್ಷಿಣಿ ವಿದ್ಯೆಯ, ಅಂದರೆ ಜಾದೂವಿನ ಒಂದು ಕವಲು. ಪ್ರೇಕ್ಷಕರು ಮನಸ್ಸಿನಲ್ಲಿಟ್ಟುಕೊಂಡ ಪದವನ್ನು ಹೇಳುವುದು, ಸಭೆಗೆ ಮೊದಲೇ ಲಕೋಟೆಯಲ್ಲಿ ಮುಚ್ಚಿಟ್ಟ ಚೀಟಿಯಲ್ಲಿ ಸಭೆಯಲ್ಲಿ ಆಮೇಲೆ ಆಯ್ಕೆಯಾಗುವ ಸಂಖ್ಯೆ ಸಿಗುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ವಸ್ತುಗಳನ್ನು ಗುರುತಿಸುವುದು, ಇವೆಲ್ಲ ಕೈಚಳಕ, ಲೆಕ್ಕಾಚಾರ, ನೆನಪು, ಮಾತಿನ ಜೋಡಣೆ ಮತ್ತು ಎದುರಿಗಿರುವವರನ್ನು ಗಮನಿಸುವ ಅಭ್ಯಾಸದಿಂದ ಆಗುವಂಥವು. ಪ್ಯಾರಿಸ್ಸಿನ ಜಾದೂಗಾರ ರಾಬೇರ್ ಹೂಡಾಂ 1846ರಲ್ಲಿ ತನ್ನ ಮಗನ ಕಣ್ಣಿಗೆ ಬಟ್ಟೆ ಕಟ್ಟಿ, ಪ್ರೇಕ್ಷಕರು ಕೊಟ್ಟ ವಸ್ತುಗಳನ್ನು ಅವನಿಂದ ಹೇಳಿಸುತ್ತಿದ್ದ ಆಟವನ್ನು ನೆನೆದರೆ, ಜಾತ್ರೆಪೇಟೆಯಲ್ಲಿ ಗಾರುಡಿಗ ಹೊದಿಕೆಯ ಕೆಳಗೆ ಮಲಗಿದ ಹುಡುಗನನ್ನು ‘ಇವರ ಕೈಯಲ್ಲೇನಿದೆ ಹೇಳು’ ಎಂದು ಕೇಳುತ್ತಿದ್ದುದು ನೆನಪಾಗುತ್ತದೆ. ಎರಡೂ ಒಂದೇ ಬಗೆಯ ಆಟ.

ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಎಲ್ಲರಿಗೂ ತಿಳಿದುಹೋಗಿರುವ ಒಂದು ಸಣ್ಣ ಉದಾಹರಣೆಯನ್ನು ಹೇಳಿದರೆ ಕಲಾವಿದರ ಹೊಟ್ಟೆಯ ಮೇಲೆ ಹೊಡೆದಂತಾಗದು ಎಂದು ನಂಬಿದ್ದೇನೆ. ‘50ರೊಳಗಿನ ಎರಡಂಕಿಯ ಸಂಖ್ಯೆಯೊಂದನ್ನು ನೆನೆಸಿಕೊಳ್ಳಿ, ಎರಡೂ ಅಂಕಿ ಬೆಸವಾಗಿರಲಿ, ಬೇರೆ ಬೇರೆಯಾಗಿರಲಿ’ ಎಂದಾಗ ಕೇಳುವವರಿಗೆ ಐವತ್ತು ಸಂಖ್ಯೆಗಳ ಹರವು ತಮ್ಮೆದುರು ಇದ್ದಂತೆ ತೋರುತ್ತದೆ. ಲೆಕ್ಕ ಹಾಕಿ ನೋಡಿದರೆ ಉಳಿಯುವುದು 13, 15, 17, 19, 31, 35, 37, 39 ಎಂಬ ಎಂಟೇ ಸಂಖ್ಯೆಗಳು, ಅವುಗಳಲ್ಲಿಯೂ 37ರ ಕಡೆಗೆ ವಾಲುವವರು ಹೆಚ್ಚು. ಆಯ್ಕೆಯನ್ನು ಕಿರಿದುಗೊಳಿಸಿದ್ದು ಪ್ರಶ್ನೆಯ ಮಾತುಗಳೇ. ಇದು ಅತ್ಯಂತ ಸುಲಭದ್ದು. ಒಳ್ಳೆಯ ಕಲಾವಿದರ ಕೈಯಲ್ಲಿರುವ ಉಪಾಯಗಳು ಇದಕ್ಕಿಂತ ಎಷ್ಟೋ ಸೂಕ್ಷ್ಮವಾದವು, ಅವುಗಳ ಹಿಂದೆ ವರ್ಷಗಟ್ಟಲೆಯ ದುಡಿಮೆ ಇರುತ್ತದೆ, ಮತ್ತು ಆ ದುಡಿಮೆಗೆ ನಾವು ಗೌರವ ಕೊಡಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದನ್ನು ಅರ್ಥಮಾಡಿಸಲು ನಾನು ಅವಧಾನವನ್ನು, ಅಂದರೆ ಹಲವರ ಪ್ರಶ್ನೆಗಳನ್ನು ಒಟ್ಟಿಗೇ ನೆನಪಿನಲ್ಲಿಟ್ಟುಕೊಂಡು ಉತ್ತರಿಸುವ ಕಲೆಯನ್ನು, ನೆನಪಿಸುವುದುಂಟು. ಅಷ್ಟಾವಧಾನದಲ್ಲಿ ಸಂಖ್ಯಾಬಂಧವೆಂಬ ಒಂದು ಅಂಗವಿದೆ. ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಒಂದು ಮೊತ್ತವನ್ನು ಹೇಳಿ, ನಡುನಡುವೆ ಬೇರೆಲ್ಲ ಪ್ರಶ್ನೆಗಳ ಗದ್ದಲದಲ್ಲಿ ಚೌಕದ ಯಾವುದೋ ಒಂದು ಮನೆಗೆ ಸಂಖ್ಯೆ ಕೇಳುತ್ತ ಹೋಗುತ್ತಾರೆ. ಕೊನೆಗೆ 25 ಮನೆಗಳೂ ತುಂಬಿದಾಗ ಅಡ್ಡಲಾಗಿಯೂ ಉದ್ದವಾಗಿಯೂ ಕೂಡಿದರೆ ಹೇಳಿದ ಮೊತ್ತವೇ ಬರುತ್ತದೆ. ಮೆಂಟಲಿಸ್ಟರೂ ಸಭೆಯವರು ಹೇಳಿದ ಸಂಖ್ಯೆಗೆ 16 ಮನೆಗಳ ಇಂಥದ್ದೇ ಚೌಕವನ್ನು ಗಳಿಗೆಯಲ್ಲಿ ಬರೆದು ತೋರಿಸುತ್ತಾರೆ. ಅವಧಾನಿಗಳು ತಮ್ಮ ಧಾರಣಶಕ್ತಿಯನ್ನು ಧಾರಣಶಕ್ತಿಯೆಂದೇ ತೋರಿಸಿದರೆ, ಮೆಂಟಲಿಸ್ಟರು ತಮ್ಮ ನಿಜವಾದ ಕೌಶಲಕ್ಕೆ ಮನಸ್ಸು ಓದುವವರ ವೇಷ ಹಾಕಿ ತೋರಿಸುತ್ತಾರೆ. ಯಕ್ಷಗಾನ ನೋಡಿ ಬೆಳೆದ ನಮಗೆ ವೇಷವೆಂದರೇನು ಎಂದು ವಿವರಿಸಿ ಹೇಳಬೇಕಾಗಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ಭಸ್ಮಾಸುರ ಯಾರ ತಲೆಯ ಮೇಲೂ ಕೈಯಿಡುವುದಿಲ್ಲವೆಂದು ಮಕ್ಕಳಿಗೂ ಗೊತ್ತಿದೆ. ಮೆಂಟಲಿಸಂನಲ್ಲಿ ಮಾತ್ರ ಮುಖಕ್ಕೆ ಬಣ್ಣವಿಲ್ಲ, ತಲೆಗೆ ಕಿರೀಟವಿಲ್ಲ, ಕೋಟು ಹಾಕಿಕೊಂಡು ನಿಮ್ಮ ಸೇಲ್ಸ್ ಮ್ಯಾನೇಜರರಂತೆಯೇ ಕಾಣುವ ಒಬ್ಬರು ಬಂದು ನಿಂತಿರುತ್ತಾರೆ. ಆದ್ದರಿಂದ ಇದು ವೇಷವೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಹಾಗೆ ಹೇಳುವ ಮಾತನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ. ನಾನು ಸಾಮಾನ್ಯವಾಗಿ ಸೂಚಿಸುವ ವಾಕ್ಯ ಇದು: ‘ಈಗ ನಾನು ತೋರಿಸುವುದು ಕಲೆ. ನನಗೆ ದಿವ್ಯದೃಷ್ಟಿ ಇಲ್ಲ, ಯಾರ ಭವಿಷ್ಯವೂ ನನಗೆ ತಿಳಿಯದು. ಮುಂದಿನ ಮುಕ್ಕಾಲು ಗಂಟೆ ಎಲ್ಲರೂ ಸೇರಿ ಬೆರಗುಪಡೋಣ.’ ಇದನ್ನು ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಇನ್ನೊಮ್ಮೆ ಕಲಾವಿದರೇ ಹೇಳಬೇಕು, ಕನ್ನಡದಲ್ಲಿ ಹೇಳಬೇಕು. ಹೀಗೆ ಹೇಳಿದರೆ ಬೆರಗು ಕಡಿಮೆಯಾಗುತ್ತದೆ ಎಂದು ಕೆಲವು ಕಲಾವಿದರು ವಾದಿಸುತ್ತಾರೆ. ನಾನು ಕಂಡ ಮಟ್ಟಿಗೆ ಹಾಗಾಗುವುದಿಲ್ಲ, ಹೇಗೆ ಮಾಡಿದರೆಂದು ಊಟದ ಹೊತ್ತಿನಲ್ಲಿ ಜನ ಇನ್ನಷ್ಟು ಚರ್ಚಿಸುತ್ತಾರೆ. ಪವಾಡಗಳನ್ನು ಪರೀಕ್ಷಿಸಿ ನೋಡಲು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಸಮಿತಿಯೊಂದನ್ನು ರಚಿಸಿದ ನಾಡು ಇದು. ಜಾದೂವನ್ನು ಜಾದೂವೆಂದು ಹೇಳಿ ತೋರಿಸುವುದರಲ್ಲಿ ನಾವು ಹಿಂಜರಿಯಬಾರದು. ನಿಮ್ಮ ನಿರ್ದೇಶಕರಿಗೆ ಈ ವಾಕ್ಯವಿರುವ ಒಪ್ಪಂದದ ಪ್ರತಿಯನ್ನು ತೋರಿಸಿ, ಸಾಧ್ಯವಾದರೆ ಕಲಾವಿದರೊಂದಿಗೆ ಐದು ನಿಮಿಷ ಫೋನಿನಲ್ಲಿ ಮಾತನಾಡಿಸಿ. ಅವರ ಆತಂಕ ಇಳಿಯುತ್ತದೆಂದು ನನಗೆ ನಂಬಿಕೆಯಿದೆ.

ನಮ್ಮ ಸಭೆಯಲ್ಲಿರುವವರೆಲ್ಲ ಓದಿದವರು, ಅವರಿಗೆ ಇಷ್ಟೆಲ್ಲ ಹೇಳಬೇಕೆ ಎಂದು ನೀವು ಕೇಳಬಹುದು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಶಕ್ತಿಯ ಸಂಶೋಧನೆಗೆಂದೇ ಪ್ರಯೋಗಾಲಯವೊಂದು ಆರಂಭವಾದಾಗ, ಜಾದೂಗಾರ ಜೇಮ್ಸ್ ರ‍್ಯಾಂಡಿ ಅಲ್ಲಿಗೆ ಹದಿಹರೆಯದ ಇಬ್ಬರು ಜಾದೂಗಾರರನ್ನು ಗುಟ್ಟಾಗಿ ಸೇರಿಸಿದರು. ಯಾವ ಯಾವ ಕಡೆ ಎಚ್ಚರವಿರಬೇಕೆಂದು ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಭೌತವಿಜ್ಞಾನಿಗೆ ರ‍್ಯಾಂಡಿ ಮೊದಲೇ ಪತ್ರ ಬರೆದಿದ್ದರೂ ಆ ಹುಡುಗರ ಚಮಚ ಬಗ್ಗಿಸುವ ಆಟ ವಿಜ್ಞಾನಿಗಳನ್ನು ನಂಬಿಸಿತು; 1983ರಲ್ಲಿ ರ‍್ಯಾಂಡಿಯೇ ಗುಟ್ಟನ್ನು ಬಹಿರಂಗಪಡಿಸಿದರು. ಆ ಇಬ್ಬರಲ್ಲಿ ಒಬ್ಬರು ಮುಂದೆ ಬ್ಯಾನಚೆಕ್ ಎಂಬ ಹೆಸರಿನಿಂದ ಪ್ರಸಿದ್ಧ ಮೆಂಟಲಿಸ್ಟರಾದರು. ಓದು ಇಲ್ಲಿ ರಕ್ಷೆಯಲ್ಲ, ಏಕೆಂದರೆ ಈ ಆಟ ಕೆಲಸ ಮಾಡುವುದು ಗಮನದ ಮೇಲೆ, ಮತ್ತು ಗಮನಕ್ಕಿರುವ ಮಿತಿ ಎಲ್ಲರಿಗೂ ಒಂದೇ.

ಈಗ ನೌಕರರ ವಿವರಗಳ ವಿಷಯ. ಕಾರ್ಯಕ್ರಮಕ್ಕೆ ಮೊದಲೇ ಪ್ರೇಕ್ಷಕರ ಬಗ್ಗೆ ತಿಳಿದುಕೊಂಡು, ವೇದಿಕೆಯಲ್ಲಿ ಅದನ್ನು ಆಗಷ್ಟೇ ಕಂಡುಕೊಂಡಂತೆ ಹೇಳುವುದು ಈ ಕಲೆಯಲ್ಲಿ ಹಳೆಯ ಕ್ರಮ. ಖಾಸಗಿ ರಂಗಮಂದಿರದಲ್ಲಿ ಅದರ ನ್ಯಾಯಾನ್ಯಾಯವನ್ನು ಕಲಾವಿದರು ತೂಗಿಕೊಳ್ಳಲಿ. ಕಂಪನಿಯಲ್ಲಿ ಮಾತ್ರ ಆ ವಿವರಗಳು ಬರುವುದು ಸಿಬ್ಬಂದಿ ವಿಭಾಗದ ಕಡತದಿಂದ, ಅಂದರೆ ನೌಕರರು ಸಂಬಳಕ್ಕೂ ವಿಮೆಗೂ ನಂಬಿ ಕೊಟ್ಟ ಮಾಹಿತಿಯಿಂದ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಸಂಸ್ಥೆಯ ವಾರ್ಷಿಕ ಕೂಟವನ್ನು ನಾನೇ ಹೊಂದಿಸಿದ್ದೆ. ಅಲ್ಲಿನ ಅಧಿಕಾರಿಯೊಬ್ಬರು ನನಗೆ ತಿಳಿಸದೆ ಮೂವರು ನೌಕರರ ಮನೆಯ ಸಂಗತಿಗಳನ್ನು ಕಲಾವಿದರಿಗೆ ಬರೆದು ಕೊಟ್ಟಿದ್ದರು. ಲೆಕ್ಕಪತ್ರ ವಿಭಾಗದ ಮಹಿಳೆಯೊಬ್ಬರು ವೇದಿಕೆಗೆ ಬಂದಾಗ ಕಲಾವಿದರು ಕಣ್ಣು ಮುಚ್ಚಿ, ಅವರು ವರ್ಷದ ಹಿಂದೆ ಕಳೆದುಕೊಂಡಿದ್ದ ತಮ್ಮನ ಹೆಸರನ್ನು ನಿಧಾನವಾಗಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಆ ತಾಯಿ ಮಾತಿಲ್ಲದೆ ಇಳಿದುಹೋಗಿ ಹೊರಗಿನ ಪಾಗಾರದ ಬಳಿ ಕುಳಿತು ಅತ್ತರು, ತಮ್ಮ ಏನಾದರೂ ಹೇಳಿದನೇ ಎಂದು ಆಮೇಲೆ ನನ್ನನ್ನೇ ಕೇಳಿದರು. ಆ ಪ್ರಶ್ನೆಗೆ ಉತ್ತರಿಸಿದ ಸಂಜೆಯನ್ನು ನಾನು ಮರೆಯಲಾರೆ. ಅಂದಿನಿಂದ ತೀರಿಕೊಂಡವರ ಪ್ರಸ್ತಾಪ, ಕಾಯಿಲೆ, ಮದುವೆ, ಮಕ್ಕಳಾಗುವುದು, ಸಂಬಳ, ಬಡ್ತಿ, ಜಾತಿ ಈ ಯಾವುದೂ ವೇದಿಕೆಯಲ್ಲಿ ಬರಕೂಡದೆಂದು ಒಪ್ಪಂದದಲ್ಲಿ ಬರೆಸುತ್ತೇನೆ.

ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಬ್ಬರ ಮಾಹಿತಿಯನ್ನು ಬಳಸಲು ಪಡೆಯುವ ಒಪ್ಪಿಗೆ ಮುಕ್ತವಾಗಿರಬೇಕು, ಒಂದು ನಿರ್ದಿಷ್ಟ ಉದ್ದೇಶಕ್ಕೆ ಸಂಬಂಧಿಸಿರಬೇಕು. ಸಂಬಳದ ಉದ್ದೇಶಕ್ಕೆ ಪಡೆದದ್ದು ಮನರಂಜನೆಗೆ ಸಲ್ಲುವುದಿಲ್ಲ. ಕಲಾವಿದರಿಗೆ ನೀವು ನಿಶ್ಚಿಂತೆಯಿಂದ ಕೊಡಬಹುದಾದದ್ದು ಸಂಸ್ಥೆಯ ಇತಿಹಾಸ, ಮಾರುವ ಸಲಕರಣೆಗಳ ಪಟ್ಟಿ, ಸಮ್ಮೇಳನದ ವಿಷಯ, ಸಭಿಕರ ಭಾಷೆ ಮತ್ತು ವಯಸ್ಸಿನ ಅಂದಾಜು ಮಾತ್ರ. ಸ್ವತಃ ಮುಂದೆ ಬರಲು ಇಷ್ಟವಿರುವ ಎಂಟು ಹತ್ತು ಮಂದಿಯ ಹೆಸರನ್ನು ಅವರವರ ಒಪ್ಪಿಗೆ ಕೇಳಿಯೇ ಸೇರಿಸಿಕೊಳ್ಳಿ, ಮತ್ತು ಆ ಪಟ್ಟಿಯಲ್ಲಿ ಹಿರಿಯ ಅಧಿಕಾರಿಗಳೂ ಇರಲಿ. ಆಡಳಿತ ನಿರ್ದೇಶಕರೇ ಮೊದಲು ವೇದಿಕೆಗೆ ಹೋಗಿ ಬೆರಗಾಗಿ ನಿಂತರೆ ಉಳಿದವರ ಅಳುಕು ಅರ್ಧ ಕರಗುತ್ತದೆ.

ಭವಿಷ್ಯ ಹೇಳುವ ಆಟಗಳ ಬಗ್ಗೆ ನಿಮ್ಮ ಸಂಸ್ಥೆಗೆ ವಿಶೇಷವಾದ ಒಂದು ಮಾತಿದೆ. ಮುಚ್ಚಿದ ಲಕೋಟೆಯಲ್ಲಿ ಮರುದಿನದ ಪತ್ರಿಕೆಯ ತಲೆಬರಹವೋ ಕ್ರಿಕೆಟ್ ಪಂದ್ಯದ ರನ್ನೋ ಸಿಗುವುದು ಎಲ್ಲರಿಗೂ ಇಷ್ಟವಾಗುವ ಆಟ. ಘಟ್ಟದ ಮೇಲಿನ ಒಂದು ಸಭೆಯಲ್ಲಿ ಕಲಾವಿದರು ಊರಿನವರಿಗೆ ಹತ್ತಿರವಾಗಲೆಂಬ ಒಳ್ಳೆಯ ಉದ್ದೇಶದಿಂದಲೇ ‘ರಾಶಿ’ ಎಂಬ ಬಗೆಯ ಅಡಿಕೆಯ ಅಂದಿನ ಟೆಂಡರ್ ದರವನ್ನು ಹಾಗೆ ತೋರಿಸಿದರು. ದರ ಸರಿಯಾಗಿಯೇ ಇತ್ತು. ಮುಂದಿನ ವಾರ ಇಬ್ಬರು ಬೆಳೆಗಾರರು ನನಗೆ ಫೋನ್ ಮಾಡಿ, ಚಾಲಿ ಅಡಿಕೆಯನ್ನು ಈಗ ಕೊಡುವುದೋ ಇಟ್ಟುಕೊಳ್ಳುವುದೋ ಆ ಕಲಾವಿದರನ್ನು ಒಮ್ಮೆ ಕೇಳಿ ಹೇಳಿ ಎಂದರು. ಅವರು ನಗೆಚಾಟಿಕೆಗೆ ಕೇಳಿರಲಿಲ್ಲ; ವರ್ಷದ ಬೆಳೆ ಅವರ ಮನೆಯ ಅಟ್ಟದಲ್ಲಿತ್ತು. ನಿಮ್ಮ ಡೀಲರುಗಳೂ ಅಡಿಕೆ ಪೇಟೆಯ ಏರಿಳಿತದ ಮೇಲೆಯೇ ವ್ಯಾಪಾರ ಮಾಡುವವರು. ಅಡಿಕೆ, ಕಾಳುಮೆಣಸಿನ ದರ, ಮುಂದಿನ ವರ್ಷದ ಮಾರಾಟದ ಗುರಿ, ಮಳೆಯ ಅಂದಾಜು ಇವನ್ನು ಲಕೋಟೆಯಿಂದ ಹೊರಗಿಡಿ. ಊರ ಹೆಸರು, ತಿಂಡಿಯ ಹೆಸರು, ಬಾಲ್ಯದ ಆಟ ಇಂಥವುಗಳಿಂದಲೂ ಅಷ್ಟೇ ಬೆರಗು ಹುಟ್ಟಿಸಬಹುದು.

ಭಾಷೆಯ ವಿಷಯವನ್ನು ಸಂಘಟಕರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ಹಾಡಿನ ಭಾಷೆ ತಿಳಿಯದಿದ್ದರೂ ರಾಗ ಮುಟ್ಟುತ್ತದೆ. ಇಲ್ಲಿ ಒಂದು ಸೂಚನೆ ತಪ್ಪಾಗಿ ಕೇಳಿಸಿದರೂ ಆಟ ಬಿದ್ದುಹೋಗುತ್ತದೆ. ನಿಮ್ಮ ಸಭೆಯಲ್ಲಿ ಹವ್ಯಕ ಕನ್ನಡದವರು, ಕಾರವಾರ ಅಂಕೋಲೆಯ ಕೊಂಕಣಿಯವರು, ಹಳಿಯಾಳದ ಕಡೆಯ ಮರಾಠಿಯವರು ಎಲ್ಲರೂ ಇರಬಹುದು. ನಗರದ ಕಲಾವಿದರ ಎಷ್ಟೋ ಆಟಗಳು ಇಂಗ್ಲಿಷ್ ಕಾಗುಣಿತದ ಮೇಲೆ ನಿಂತಿರುತ್ತವೆ. ‘ನಿಮ್ಮ ಗೆಳತಿಯ ಹೆಸರಿನಲ್ಲಿ ಎಷ್ಟು ಅಕ್ಷರ’ ಎಂದು ಕೇಳಿದಾಗ ಹೆಸರು ಸರಸ್ವತಿ ಎಂದಾದರೆ ಕನ್ನಡದಲ್ಲಿ 4, ಇಂಗ್ಲಿಷಿನಲ್ಲಿ ಬರೆಯುವ ರೂಢಿಯಂತೆ 9 ಅಥವಾ 10. ಹಾಗೆಯೇ ಒಂದು ಬಣ್ಣ, ಒಂದು ತರಕಾರಿ, ಒಂದು ಹತಾರ ನೆನೆಯಿರಿ ಎಂದಾಗ ಮೊದಲು ಹೊಳೆಯುವುದು ಊರಿನಿಂದ ಊರಿಗೆ ಬದಲಾಗುತ್ತದೆ. ಹತಾರವೆಂದರೆ ಪೇಟೆಯವರಿಗೆ ಸುತ್ತಿಗೆ, ತೋಟದವರಿಗೆ ಕತ್ತಿ. ಆದ್ದರಿಂದ ಕನ್ನಡದಲ್ಲಿಯೇ ಕಾರ್ಯಕ್ರಮ ನಡೆಸಿ ಅಭ್ಯಾಸವಿರುವವರನ್ನು ಆರಿಸಿ. ಆಯ್ದ ತುಣುಕುಗಳ ವಿಡಿಯೊ ನೋಡಿ ತೀರ್ಮಾನಿಸದೆ, ಕತ್ತರಿಸದ ಪೂರ್ಣ ಕಾರ್ಯಕ್ರಮವೊಂದರ ಕನ್ನಡ ವಿಡಿಯೊ ಕೇಳಿ. ಅದರಲ್ಲಿ ಆಟಗಳಿಗಿಂತ ಹೆಚ್ಚಾಗಿ, ವೇದಿಕೆಗೆ ಬಂದವರು ತಡವರಿಸಿದಾಗ ಅಥವಾ ಆಟ ತಪ್ಪಿದಾಗ ಕಲಾವಿದರು ಹೇಗೆ ನಡೆದುಕೊಂಡರು ಎಂಬುದನ್ನು ನೋಡಿ. ತಾಳಮದ್ದಳೆಯಲ್ಲಿ ಎದುರಾಳಿಯ ಅನಿರೀಕ್ಷಿತ ಮಾತಿಗೆ ಅರ್ಥಧಾರಿ ಕೊಡುವ ಉತ್ತರದಲ್ಲಿ ಅವರ ಪಕ್ವತೆ ಹೇಗೆ ತಿಳಿಯುತ್ತದೆಯೋ ಇಲ್ಲಿಯೂ ಹಾಗೆಯೇ. ಬಂದವರನ್ನು ನಗೆಪಾಟಲು ಮಾಡಿ ತಮ್ಮ ತಪ್ಪನ್ನು ಮುಚ್ಚಿಕೊಳ್ಳುವವರು ಎಷ್ಟೇ ಹೆಸರಾಂತರಾದರೂ ಕಚೇರಿಯ ಸಭೆಗೆ ತಕ್ಕವರಲ್ಲ.

ತರಬೇತಿಯ ಪ್ರಸ್ತಾವದ ಬಗ್ಗೆ ನನ್ನ ವಿರೋಧ ಬಲವಾಗಿದೆ. ಹಿಂದಿನವರು ಈ ಆಟಕ್ಕೆ ಪ್ರೇತಾತ್ಮಗಳ ವೇಷ ಹಾಕುತ್ತಿದ್ದರು. ಇಂದಿನ ಕೆಲವರು ಮನೋವಿಜ್ಞಾನದ ವೇಷ ಹಾಕುತ್ತಾರೆ. ನಿಮ್ಮ ಕಣ್ಣಿನ ಚಲನೆಯಿಂದ, ಕೈಬೆರಳಿನ ನಡುಕದಿಂದ ನಾನು ಸಂಖ್ಯೆಯನ್ನು ಕಂಡುಹಿಡಿದೆ ಎಂಬ ವಿವರಣೆ ವೇದಿಕೆಯಲ್ಲಿ ಸೊಗಸಾದ ಕಥೆ. ಮರುದಿನ ಬೆಳಿಗ್ಗೆ ಪವರ್‌ಪಾಯಿಂಟ್ ಹಾಕಿ ಅದನ್ನೇ ವಿದ್ಯೆಯೆಂದು ಕಲಿಸಿದರೆ ಸುಳ್ಳಾಗುತ್ತದೆ. ಕಣ್ಣು ಯಾವ ಕಡೆ ಹೊರಳಿತು ಎಂಬುದರಿಂದ ಸುಳ್ಳು ಪತ್ತೆಯಾಗುತ್ತದೆಯೇ ಎಂದು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ 24,000ಕ್ಕೂ ಹೆಚ್ಚು ಜನರ ತೀರ್ಪುಗಳಿದ್ದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸತ್ಯವೋ ಸುಳ್ಳೋ ಎಂಬುದನ್ನು ಜನರು ಸರಿಯಾಗಿ ಗುರುತಿಸಿದ್ದು ಸರಾಸರಿ ಶೇಕಡ 54ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿದರೂ ಶೇಕಡ 50 ಸರಿಯಾಗುತ್ತದೆ.

ಸ್ವಭಾವ ಹೇಳುವ ಆಟದ ಕಥೆಯೂ ಇದೇ. ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಇದು ನಿಮ್ಮದೇ ಸ್ವಭಾವದ ವಿವರ ಎಂದು ಒಂದು ಹಾಳೆ ಹಂಚಿದರು. ವಿದ್ಯಾರ್ಥಿಗಳು ಅದರ ನಿಖರತೆಗೆ 5ರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರ ಹಾಳೆಯಲ್ಲಿದ್ದುದು ಒಂದೇ ಬರಹ, ಅದರ ವಾಕ್ಯಗಳನ್ನು ಆಯ್ದದ್ದು ಜ್ಯೋತಿಷ್ಯದ ಪುಸ್ತಕದಿಂದ. ‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ನಿಮಗೆ ಆತಂಕವಿದೆ’ ಎಂಬಂಥ ಮಾತಿಗೆ ತಲೆಯಾಡಿಸದವರು ಯಾರಿದ್ದಾರೆ? ಇಂಥ ಮಾತನ್ನು ವೇದಿಕೆಯಲ್ಲಿ ಕೇಳಿ ನಲಿದ ಮ್ಯಾನೇಜರರು ಅದನ್ನೇ ತರಬೇತಿಯಲ್ಲಿ ಕಲಿತು, ಸಂದರ್ಶನಕ್ಕೆ ಬಂದ ಅಭ್ಯರ್ಥಿಯ ಕಣ್ಣು ನೋಡಿ ಇವನು ಸುಳ್ಳುಗಾರನೆಂದು ತೀರ್ಮಾನಿಸಿದರೆ, ಒಂದು ಸಂಜೆಯ ಆಟಕ್ಕೆ ಯಾರದೋ ಮನೆಯ ಅನ್ನ ಹೋಗುತ್ತದೆ. ಬೆಳಗಿನ ಆ ಅವಧಿಯನ್ನು ನಿಮ್ಮ ಸೇವಾ ವಿಭಾಗದ ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ಕೊಟ್ಟು, ದೂರು ತಂದ ಬೆಳೆಗಾರರ ಮಾತನ್ನು ತಾವು ಹೇಗೆ ಕೇಳಿಸಿಕೊಳ್ಳುತ್ತೇವೆಂದು ಹೇಳಿಸುವುದು ಎಷ್ಟೋ ಮೇಲು.

ಇನ್ನು ಸ್ಥಳ ಮತ್ತು ಸಮಯ. ಸಮುದ್ರದಂಚಿನ ಬಯಲು ವೇದಿಕೆಯನ್ನು ರೆಸಾರ್ಟಿನವರು ಹುರುಪಿನಿಂದ ತೋರಿಸುತ್ತಾರೆ. ಈ ಕಾರ್ಯಕ್ರಮಕ್ಕೆ ಅದು ಬೇಡ. ಅಲೆಯ ಸದ್ದಿನಲ್ಲಿ ಮಾತು ಅರ್ಧ ಕರಗುತ್ತದೆ, ಗಾಳಿಗೆ ಚೀಟಿ ಲಕೋಟೆಗಳು ಹಾರುತ್ತವೆ. ಅಲ್ಲದೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣವನ್ನೇ ಹಿಡಿಯಿರಿ. ಕಲಾವಿದರಿಗೆ ಕಾಲರ್ ಮೈಕ್, ವೇದಿಕೆಗೆ ಬಂದವರಿಗಾಗಿ ಕೈಯಲ್ಲಿ ಹಿಡಿಯುವ ಎರಡು ಮೈಕ್, ಹಲಗೆಯಲ್ಲಿ ಬರೆದದ್ದು ಹಿಂದಿನ ಸಾಲಿಗೂ ಕಾಣುವಂತೆ ಒಂದು ಕ್ಯಾಮೆರಾ ಮತ್ತು ಪರದೆ, ಜನರೇಟರ್, ಇಷ್ಟಿದ್ದರೆ 180 ಜನರಿಗೆ ಸಾಕು. ಅವಧಿ 45 ನಿಮಿಷ ದಾಟದಿರಲಿ. ಊಟ ಬಡಿಸುವಾಗ ಎಂದಿಗೂ ಬೇಡ, ಮದ್ಯದ ಏರ್ಪಾಡು ಇರುವುದಾದರೆ ಅದು ಕಾರ್ಯಕ್ರಮ ಮುಗಿದ ಮೇಲೆ. ಹಿರಿಯರ ಭಾಷಣಗಳು ತಡವಾಗಿ ಕಲಾವಿದರ ಹೊತ್ತು ತಿನ್ನುವುದು ನಮ್ಮಲ್ಲಿ ಮಾಮೂಲು. ಅದನ್ನು ತಡೆಯಲು ಚಹಾ ವಿರಾಮದ ನಂತರ ಮೊದಲ ಕಾರ್ಯಕ್ರಮವಾಗಿ ಇದನ್ನೇ ಇಡಿ.

ಸಭಾಂಗಣ ನೋಡಲು ಕಾರವಾರಕ್ಕೆ ಹೋಗುವಾಗ ಸಂಜೆ 5ರಿಂದ 6ರ ಹೊತ್ತಿಗೆ ಅಲ್ಲಿರುವಂತೆ ಹೊರಡಿ. ನಮ್ಮ ಸಮುದ್ರ ಪಡುವಣಕ್ಕಿರುವುದರಿಂದ ಗಾಜಿನ ಗೋಡೆಯಿರುವ ಸಭಾಂಗಣಗಳಲ್ಲಿ ಆ ಹೊತ್ತಿನ ಬಿಸಿಲು ನೇರವಾಗಿ ಒಳಬಂದು ಪರದೆಯ ಮೇಲಿನದ್ದು ಏನೂ ಕಾಣದಂತಾಗುತ್ತದೆ. ದಪ್ಪ ಪರದೆಗಳು ಇವೆಯೇ ಎಂದು ಎಳೆದು ನೋಡಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ವೇದಿಕೆಯಿಂದ ಯಾರನ್ನಾದರೂ ಮೆಲುದನಿಯಲ್ಲಿ ಒಂದು ಸಂಖ್ಯೆ ಹೇಳಿಸಿ, ಅದು ನಿಮಗೆ ಸ್ಪಷ್ಟವಾಗಿ ಕೇಳಿಸಿದ ಮೇಲೆಯೇ ಮುಂಗಡ ಕೊಡಿ.